ಗುಂಡಿ ಬೀಳಲಿ, ಆಮೇಲೆ ನೋಡೋಣ

ಎರಡು ವರ್ಷದ ಹಿಂದೆ ನಮ್ಮ ಮನೆ ಮುಂದಿನ ರಸ್ತೆ ಬಿರುಕು ಬಿಟ್ಟಿತು. ಎರಡು ರೂಪಾಯಿ ನಾಣ್ಯ ಸಿಕ್ಕಿಸಿದರೆ ಬಿಗಿಯಾಗಿ ನಿಲ್ಲುವಷ್ಟು ಅಗಲ. ವಾರ್ಡಿನ ಎಂಜಿನಿಯರ್ ಸಾಹೇಬರಿಗೆ ತೋರಿಸಿದೆ. ಬೈಕಿನಿಂದ ಇಳಿಯದೆಯೇ ಬಗ್ಗಿ ನೋಡಿದರು. "ಇದಕ್ಕೆಲ್ಲ ಎಸ್ಟಿಮೇಟ್ ಬರೆಯೋಕಾಗಲ್ಲ ಸಾರ್. ಗುಂಡಿ ಬೀಳಲಿ, ಆಮೇಲೆ ನೋಡೋಣ."

ರಸ್ತೆ ಅವರ ಮಾತು ಉಳಿಸಿತು. ಅದೇ ಮಳೆಗಾಲಕ್ಕೆ ಬಿತ್ತು ಗುಂಡಿ.

ಬಿಸಿಲಿಗೆ ಡಾಂಬರು ಜಿಗುಟು ಕಳೆದುಕೊಂಡು ಬಿರಿಯುತ್ತದೆ. ಬಿರುಕಿನಲ್ಲಿ ನೀರಿಳಿದರೆ ಕೆಳಗಿನ ಜಲ್ಲಿ ಸಡಿಲ. ಮೇಲೊಂದು ಕಸದ ಲಾರಿ ಹೋದರೆ ಮುಗಿಯಿತು. ಹಂಚಿನ ಮನೆಯಲ್ಲಿ ಬೆಳೆದ ಯಾರನ್ನಾದರೂ ಕೇಳಿ. ಒಡೆದ ಹಂಚನ್ನು ಮಳೆಗೆ ಮುಂಚೆ ಬದಲಿಸುತ್ತಾರೆ, ತೊಲೆ ಕೊಳೆತ ಮೇಲಲ್ಲ.

ಮದ್ದು ಇಲ್ಲವೆಂದಲ್ಲ. ಬಿರುಕಿಗೆ ಡಾಂಬರು ಹುಯ್ದು ಮುಚ್ಚಬಹುದು. ಗಟ್ಟಿಯಿರುವ ರಸ್ತೆಗೆ ಮೈಕ್ರೋಸರ್ಫೇಸಿಂಗ್ ಮಾಡಬಹುದು. ಡಾಂಬರಿನ ಎಮಲ್ಷನ್, ಸಣ್ಣ ಜಲ್ಲಿ, ಚೂರು ಸಿಮೆಂಟು ಕಲಸಿ ದೋಸೆ ಎಳೆದಂತೆ ತೆಳ್ಳಗೆ ಎಳೆಯುವ ಕೆಲಸ ಅದು. ದಪ್ಪ 4ರಿಂದ 8 ಮಿಲಿಮೀಟರ್. ಕೆಲವೇ ಗಂಟೆಗಳಲ್ಲಿ ಗಾಡಿ ಬಿಡಬಹುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಡಾಂಬರು ರಸ್ತೆಗಳ ನಿರ್ವಹಣೆಗೆಂದೇ 1982ರಲ್ಲಿ ಸಂಹಿತೆ ಬರೆಯಿತು. 2015ರಲ್ಲಿ ಪರಿಷ್ಕರಿಸಿತು. ಪುಸ್ತಕಕ್ಕಾದರೂ ರಿಪೇರಿ ಆಯಿತಲ್ಲ, ಸಂತೋಷ.

ಆದರೆ 8 ಮಿಲಿಮೀಟರಿಗೆ ಗುದ್ದಲಿ ಪೂಜೆ ಮಾಡುವುದು ಹೇಗೆ? ಗುದ್ದಲಿ ತಾಗಿದರೆ ಕಾಮಗಾರಿಯೇ ಎದ್ದು ಬರುತ್ತದೆ. ಫ್ಲೆಕ್ಸಿಗೆ ಬೀಳದ ಗುಂಡಿಯ ಫೋಟೊ ಎಲ್ಲಿಂದ ತರುವುದು? ಗುಂಡಿ ಬಿದ್ದರೆ ನೋಡಿ, ಎಲ್ಲರಿಗೂ ಕೈತುಂಬ ಕೆಲಸ. ವಿರೋಧ ಪಕ್ಷಕ್ಕೆ ಬಾಳೆಗಿಡ ನೆಡುವ ಜಾಗ. ಆಳುವ ಪಕ್ಷಕ್ಕೆ ಗಡುವು ಕೊಡುವ ಗತ್ತು. ಗುತ್ತಿಗೆದಾರನಿಗೆ ಬಿಲ್ಲು. ನಮಗೆ ಸೊಂಟ ನೋವು.

ನಮ್ಮ ಗುಂಡಿಗೆ ಮೊದಲು ಯಾವುದೋ ಒಡೆದ ಮನೆಯ ಇಟ್ಟಿಗೆ ಚೂರು ಬಂತು. ಬಾತ್‌ರೂಮಿನ ಟೈಲ್ಸೂ ಇತ್ತು, ನೀಲಿ ಬಣ್ಣದ್ದು. ಚುನಾವಣೆ ಹತ್ತಿರವಾದಾಗ ಹೊಸ ಡಾಂಬರು. ಹಳೆಯದನ್ನು ಕೆರೆಯಲಿಲ್ಲ, ಅದರ ಮೇಲೆಯೇ ಬಳಿದರು. ಮ್ಯಾನ್‌ಹೋಲ್ ಮುಚ್ಚಳ ಗೇಣುದ್ದ ಕೆಳಗೆ ಹೋಯಿತು. ಮೊದಲು ನಾನು ಎರಡು ಮೆಟ್ಟಿಲು ಹತ್ತಿ ಮನೆಗೆ ಹೋಗುತ್ತಿದ್ದೆ. ಈಗ ಇಳಿದು ಹೋಗುತ್ತೇನೆ. ಮಳೆನೀರೂ ನನ್ನ ಜೊತೆಗೇ ಇಳಿಯುತ್ತದೆ.

ಹತ್ತೊಂಬತ್ತನೇ ದಿನ ಕೇಬಲ್‌ನವರು ಬಂದು ಉದ್ದಕ್ಕೂ ಅಗೆದರು. ಮಣ್ಣೆಳೆದು ಹೊರಟರು. ಗುತ್ತಿಗೆದಾರನ ಹೊಣೆ ಇನ್ನೂ ಮುಗಿದಿಲ್ಲ ಎಂದು ಬೋರ್ಡು ಹೇಳುತ್ತಿತ್ತು. ಫೋನ್ ಮಾಡಿದೆ. "ಅಗೆದದ್ದು ನಾನಲ್ಲವಲ್ಲ" ಎಂದ. ನಿಜವೇ.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದು ಪಾಲಿಕೆ ಐದಾಯಿತು. ದೂರು ಕೊಡಲು ಹೋದರೆ ಮೊದಲು ನಾನು ಯಾವ ಪಾಲಿಕೆಯವನು ಎಂದು ಕೇಳಿದರು. ಬಿರುಕು ಯಾವ ಪಾಲಿಕೆಯದೋ, ನಾನೂ ಅದರವನೇ.

ಹೌದು, ಮತ್ತೆ ಬಿರುಕು. ಅಗೆತದ ಅಂಚಿನಲ್ಲೇ ಶುರುವಾಗಿದೆ. ಹೊಸ ಎಂಜಿನಿಯರಿಗೆ ತೋರಿಸೋಣವೆಂದು ಮೊನ್ನೆ ಹಳೆಯ ಅಳತೆಗೋಲನ್ನೇ ಇಟ್ಟೆ. ಎರಡು ರೂಪಾಯಿ ನಾಣ್ಯ ನಿಲ್ಲಲಿಲ್ಲ, ಜಾರಿ ಒಳಗೆ ಹೋಯಿತು. ಈ ವರ್ಷ ನಮ್ಮ ರಸ್ತೆಯ ನಿರ್ವಹಣೆಗೆ ಬಿಡುಗಡೆಯಾದ ಅನುದಾನ ಅದೊಂದೇ.