ಡಾಕ್ಟರ್ ಹಿಡಿಯುವ ಕರ್ನಲ್ ಸಾಹೇಬರು

ನಿವೃತ್ತರಾದ ಮೇಲೆ ಕೆಲವರು ಭಗವದ್ಗೀತೆ ಹಿಡಿಯುತ್ತಾರೆ, ಕೆಲವರು ಷೇರು ಮಾರುಕಟ್ಟೆ ಹಿಡಿಯುತ್ತಾರೆ. ಇಂದಿರಾನಗರದ ಡಿಫೆನ್ಸ್ ಕಾಲೊನಿಯ ನಮ್ಮ ಕರ್ನಲ್ ಸಾಹೇಬರು ಡಾಕ್ಟರುಗಳನ್ನು ಹಿಡಿಯುತ್ತಾರೆ.

ನೂರಡಿ ರಸ್ತೆಯಲ್ಲಿ ನಿಲ್ಲಿಸಲು ಜಾಗ ಹುಡುಕುತ್ತಿರುವ ಕಾರಿನ ಗಾಜಿನ ಮೇಲೆ ಡಾಕ್ಟರ ಗುರುತು ಕಂಡರೆ ಸಾಕು, ವಾಕಿಂಗ್ ಸ್ಟಿಕ್ಕನ್ನು ಅಡ್ಡ ಚಾಚಿ ನಿಂತುಬಿಡುತ್ತಾರೆ. "ಎಂ.ಡಿ.ನೋ, ಬರೀ ಎಂಬಿಬಿಎಸ್ಸೋ?" ಕಣ್ಣಿನವರೋ ಚರ್ಮದವರೋ ಆದರೆ "ಕ್ಯಾರಿ ಆನ್" ಎಂದು ದಾರಿ ಬಿಡುತ್ತಾರೆ. ಮೆಡಿಸಿನ್ ಎಂ.ಡಿ. ಎಂದು ಬಾಯಿಬಿಟ್ಟವರ ಕಥೆ ಮುಗಿಯಿತು. ಅವರು ಭಾನುವಾರ ಬೆಳಿಗ್ಗೆ ಸಾಹೇಬರ ವರಾಂಡದಲ್ಲಿ ಹಾಜರಿರಬೇಕು.

ಇಷ್ಟೆಲ್ಲ ಮಾಜಿ ಸೈನಿಕರ ಪಾಲಿಕ್ಲಿನಿಕ್‌ಗಾಗಿ. ಸೇನೆಯಿಂದ ನಿವೃತ್ತರಾದವರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಶುರುವಾದದ್ದು 2003ರ ಏಪ್ರಿಲ್ 1ರಂದು. ಅದಕ್ಕೆ ಮುಂಚೆ ಪಿಂಚಣಿ ಬರುತ್ತಿತ್ತು, ಕಾಯಿಲೆಯೂ ಬರುತ್ತಿತ್ತು. ಮಿಲಿಟರಿ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದ್ದರೆ ಉಂಟು. ಈಗ ದುಡ್ಡು ಒಮ್ಮೆ ಕಟ್ಟಿ ಕಾರ್ಡು ಮಾಡಿಸಿಕೊಂಡರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ. ಆದರೆ ಯೋಜನೆಯ ಪಾಲಿಕ್ಲಿನಿಕ್‌ನ ಡಾಕ್ಟರುಗಳನ್ನು ತೆಗೆದುಕೊಳ್ಳುವುದು ಗುತ್ತಿಗೆಯ ಮೇಲೆ. ಜಾಹೀರಾತು ಕೊಟ್ಟು ಸಂದರ್ಶನ ನಡೆಸಲು ಸೇನೆಯದೇ ಮಂಡಳಿ ಇದೆ. ಅದರಲ್ಲಿ ನಮ್ಮ ಸಾಹೇಬರಿಲ್ಲ. ಇರಿ ಎಂದು ಯಾರೂ ಕೇಳಿಲ್ಲ. ತಮ್ಮದು 'ಮುಂಚೂಣಿ ದಳ' ಎಂದು ಅವರೇ ಹೇಳಿಕೊಳ್ಳುತ್ತಾರೆ.

ಡಾಕ್ಟರು ಸಿಗದ ಸಾಹೇಬರ ಸಂಕಟವೂ ಸುಳ್ಳಲ್ಲ. ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆ ಇದೆ. ಅಲ್ಲಿಯವರು ಸಮವಸ್ತ್ರದ ಡಾಕ್ಟರುಗಳು, ವರ್ಗಾವಣೆ ಆದೇಶಕ್ಕೆ ಮಾತ್ರ ಬಗ್ಗುವವರು. ಅದೇ ರಸ್ತೆಯಲ್ಲಿ 1991ರಿಂದ ಮಣಿಪಾಲ ಆಸ್ಪತ್ರೆಯೂ ಇದೆ. ಅಂಥಲ್ಲಿ ಒಳ್ಳೆಯ ಫಿಸಿಶಿಯನ್‌ಗೆ ಸಿಗುವ ಸಂಬಳ ಕೇಳಿದರೆ ಗುತ್ತಿಗೆಯ ಗೌರವಧನ ನಾಚಿಕೊಳ್ಳುತ್ತದೆ. ಜೊತೆಗೆ ರೋಗಿಗಳು ಎಂಥವರು? ತಲೆಗೆ ನಾಲ್ಕೈದು ಕಾಯಿಲೆ, ಒಂದೊಂದು ಯುದ್ಧ. "ಎದೆನೋವು ಯಾವಾಗಿಂದ?" ಎಂದು ಕೇಳಿದರೆ 1971ರ ಡಿಸೆಂಬರ್‌ನಿಂದ ಶುರುಮಾಡುತ್ತಾರೆ. ಢಾಕಾ ಬೀಳುವ ತನಕ ಡಾಕ್ಟರು ಸ್ಟೆತಾಸ್ಕೋಪ್ ಹಿಡಿದು ಕಾಯಬೇಕು.

ಹೀಗಾಗಿ ಸಾಹೇಬರಿಗೆ ಬೇಕಾದ ಡಾಕ್ಟರು ಇನ್ನೂ ಹುಟ್ಟಿಲ್ಲ. ಪುಣೆಯ ಸೇನಾ ವೈದ್ಯಕೀಯ ಕಾಲೇಜು ಎಎಫ್‌ಎಂಸಿಯಲ್ಲಿ ಓದಿರಬೇಕು, ವಯಸ್ಸು ನಲವತ್ತಿರಬೇಕು, ಅನುಭವ ನಲವತ್ತು ವರ್ಷದ್ದಿರಬೇಕು. ಕನ್ನಡ, ತಮಿಳು, ಹಿಂದಿ ಬರಬೇಕು, ಎದುರುತ್ತರ ಮಾತ್ರ ಯಾವ ಭಾಷೆಯಲ್ಲೂ ಬರಬಾರದು.

ಕಳೆದ ಭಾನುವಾರ ವರಾಂಡಕ್ಕೆ ಬಂದದ್ದು ಕೆ.ಆರ್. ಪುರದ ಕಡೆಯ ಒಬ್ಬ ಹೆಣ್ಣುಮಗಳು. ಮೆಡಿಸಿನ್ ಎಂ.ಡಿ. ಮುಂಚೂಣಿ ದಳದ ಎರಡನೇ ಸದಸ್ಯ, ಹಲಸೂರಿನ ನಿವೃತ್ತ ಸುಬೇದಾರ್, ಮೋಡದ ಮೇಲೆ ಕೂತಷ್ಟು ಹುಷಾರಾಗಿ ಸೋಫಾದ ತುದಿಯಲ್ಲಿ ಕೂತಿದ್ದರು. ಪಕ್ಕದ ಮನೆಯವನೆಂಬ ಅರ್ಹತೆಯ ಮೇಲೆ ನಾನು ಸಾಕ್ಷಿ.

"ಹವಾಲ್ದಾರನಿಗೆ ಶುಗರ್ 400. ಅವನ ಹಿಂದೆ ಬ್ರಿಗೇಡಿಯರ್, ನೆಗಡಿ. ಯಾರನ್ನ ಮೊದಲು ನೋಡ್ತೀರಿ?"

"ಹವಾಲ್ದಾರರನ್ನ."

"ಬ್ರಿಗೇಡಿಯರ್ ಕೂಗಾಡಿದ್ರೆ?"

"ಉಸಿರಾಟ ಚೆನ್ನಾಗಿದೆ ಅಂತ ಚೀಟೀಲಿ ಬರ್ಕೋತೀನಿ ಸರ್."

ಸುಬೇದಾರರು ತೊಡೆ ತಟ್ಟಿಕೊಂಡು ನಗಲು ಹೋಗಿ, ಸಾಹೇಬರ ಮುಖ ನೋಡಿ, ತೊಡೆಯ ಮೇಲಿನ ಸೊಳ್ಳೆ ಹೊಡೆದಂತೆ ಮಾಡಿದರು. ಆಸ್ಪತ್ರೆಗೆ ದಾಖಲಾದಾಗ ಅಧಿಕಾರಿಗೆ ಪ್ರೈವೇಟ್ ರೂಮು, ಸುಬೇದಾರರಿಗೆ ಸೆಮಿ ಪ್ರೈವೇಟು, ಹವಾಲ್ದಾರನಿಗೆ ಜನರಲ್ ವಾರ್ಡು ಎಂಬ ನಿಯಮ ಯೋಜನೆಯಲ್ಲೇ ಇದೆ. ಸರದಿಯಲ್ಲೂ ಹಾಗೇ ಇದ್ದರೇನು ನಷ್ಟ ಎಂಬುದು ಸಾಹೇಬರ ಹಳೆಯ ಪ್ರಶ್ನೆ.

ಪ್ರಾಯೋಗಿಕ ಪರೀಕ್ಷೆಗೆ ಸಾಹೇಬರು ತಮ್ಮ ತೋಳನ್ನೇ ಒಡ್ಡಿದರು. ಆಕೆ ಬಿ.ಪಿ. ನೋಡಿದಳು. ಇನ್ನೊಂದು ತೋಳಿನಲ್ಲೂ ನೋಡಿದಳು.

"170, 100. ಸರ್, ಡ್ರಿಂಕ್ಸ್ ತಗೋತೀರಾ?"

"ಎರಡೇ. ಸಣ್ಣದು. ಕ್ಯಾಂಟೀನಿಂದು."

ಒಳಗಿಂದ ಸಾಹೇಬರ ಹೆಂಡತಿಯ ದನಿ ಬಂತು: "ಯಾವ ಲೋಟ ಅಂತ ಕೇಳಿ ಡಾಕ್ಟ್ರೇ!"

ಲೋಟ ಬಂತು. ನಮ್ಮ ಮನೆಯಲ್ಲಾದರೆ ಅದನ್ನು ಚೊಂಬು ಅನ್ನುತ್ತೇವೆ. ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮೇಜಿನ ಮೇಲಿಟ್ಟು, ಚೀಟಿ ಬರೆಯತೊಡಗಿದಳು. ಲೋಟ ಬಂದ್, ಪಂದಿಕರಿ ತಿಂಗಳಿಗೊಮ್ಮೆ, ಉಪ್ಪಿನಕಾಯಿ ಇಲ್ಲವೇ ಇಲ್ಲ. ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತಪರೀಕ್ಷೆ. ಸಾಹೇಬರು "ನೋಡೋಣ" ಎಂದರು. ಆಕೆ "ನೋಡೋದಲ್ಲ ಸರ್, ಮಾಡೋದು" ಎಂದಳು. ಸುಬೇದಾರರು ಕೂತಲ್ಲೇ ಅಟೆನ್ಷನ್ ಆದರು.

ಆಕೆ ಹೋದ ಮೇಲೆ ಸಾಹೇಬರು ರಿಜಿಸ್ಟರ್ ತೆರೆದು ತುಂಬ ಹೊತ್ತು ಬರೆದರು. ವಿದ್ಯೆ ಉತ್ತಮ, ಧೈರ್ಯ ಉತ್ತಮ, ಆಜ್ಞೆ ಕೊಡುವ ಶಕ್ತಿ ಅತ್ಯುತ್ತಮ. ಶಿಫಾರಸಿನ ಸಾಲಿಗೆ ಬಂದಾಗ ಪೆನ್ನು ನಿಂತಿತು. ಕಣ್ಣು ಮೇಜಿನ ಮೇಲಿದ್ದ ಲೋಟದತ್ತ ಹೋಗಿಬಂತು.

"ಸುಬೇದಾರ್ ಸಾಬ್, ಮರಾಠಾ ರೆಜಿಮೆಂಟ್ ಸೆಂಟರ್ ಇರೋದು ಬೆಳಗಾವೀಲಿ ಅಲ್ವಾ? ಅಲ್ಲಿ ಮಾಜಿ ಸೈನಿಕರು ಬಹಳ ಜನ. ಈ ಹುಡುಗಿ ಅಲ್ಲಿಗೇ ಹೇಳಿ ಮಾಡಿಸಿದ ಹಾಗಿದ್ದಾಳೆ."