ಕುಕ್ಕುಟ ಶುಶ್ರೂಷಾ ಮೀಮಾಂಸೆ: ಕೊಲ್ಲಿ ನಾಡಿನ ಹಿತ್ತಲ ಕೋಳಿಗೂ ಗಿಡುಗನ ದರ್ಜೆ ಸಲ್ಲತಕ್ಕದ್ದೆಂಬ ವಾದ

ದುಬೈಯ ಮಿರ್ದಿಫ್‌ನಲ್ಲೋ ಅಬುಧಾಬಿಯ ಖಲೀಫಾ ಸಿಟಿಯಲ್ಲೋ ವಿಲ್ಲಾ ಹಿಂದೆ ನಾಲ್ಕು ಮೊಳ ಮರಳು ಸಿಕ್ಕಿದರೆ ಕರಾವಳಿಯ ಕನ್ನಡಿಗರು ಮೊದಲು ಬಸಳೆ ಹಬ್ಬಿಸುತ್ತಾರೆ, ಆಮೇಲೆ ಕೋಳಿ ಸಾಕುತ್ತಾರೆ. ಇಷ್ಟರ ತನಕ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ. ವಿವಾದ ಹುಟ್ಟುವುದು ಕೋಳಿ ಕುಂಟತೊಡಗಿದ ದಿನ. ಎತ್ತಿ ನೋಡಿದರೆ ಅಂಗಾಲು ಊದಿದೆ, ನಡುವೆ ಕಡಲೆ ಗಾತ್ರದ ಕಪ್ಪು ಹಕ್ಕಳೆ. ಎತ್ತರದಿಂದ ಕಾಂಕ್ರೀಟಿಗೆ ಧುಮುಕಿ ಚರ್ಮ ಒಡೆದಲ್ಲಿ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯ ಹೊಕ್ಕು ಕೀವು ಗಟ್ಟಿಯಾಗುವ ಈ ಬೇನೆಗೆ ಪಶುವೈದ್ಯರು ಬಂಬಲ್‌ಫೂಟ್ ಎನ್ನುತ್ತಾರೆ. ಗಟ್ಟಿ ಅಡ್ಡೆಯ ಮೇಲೆ ದಿನಗಟ್ಟಲೆ ಕೂತ ಗಿಡುಗನಿಗೂ ಬರುವುದು ಇದೇ ಬೇನೆ. ಆದರೆ ಗಿಡುಗನಿಗೆ 1999ರಲ್ಲಿ ಶುರುವಾದ ಅಬುಧಾಬಿ ಫಾಲ್ಕನ್ ಆಸ್ಪತ್ರೆಯಿದೆ. ಅಲ್ಲಿ ಅದು ಕಣ್ಣು ಮುಚ್ಚುವ ಚರ್ಮದ ಟೊಪ್ಪಿ ಧರಿಸಿ, ಹಸಿರು ಹಾಸಿನ ಅಡ್ಡೆಯ ಮೇಲೆ ಗಂಭೀರವಾಗಿ ಸರದಿ ಕಾಯುತ್ತದೆ. ಅರಿವಳಿಕೆ ಕೊಟ್ಟು ಉಗುರು ಕತ್ತರಿಸುತ್ತಾರೆ, ಮುರಿದ ಗರಿಗೆ ಬೇರೆ ಗರಿ ಜೋಡಿಸುತ್ತಾರೆ. 2002ರಿಂದ ಅದಕ್ಕೆ ಪಾಸ್‌ಪೋರ್ಟೂ ಉಂಟು. ಕೋಳಿಗೆ ಇರುವುದು ಬಾಳೆಹಣ್ಣು ಬಂದ ರಟ್ಟಿನ ಪೆಟ್ಟಿಗೆ, ಒಂದು ಚಿಟಿಕೆ ಅರಿಶಿನ. ಬೇನೆ ಒಂದೇ ಆದಲ್ಲಿ ಆರೈಕೆಯೂ ಒಂದೇ ಆಗತಕ್ಕದ್ದು ಎಂಬುದು ನಮ್ಮ ಸಿದ್ಧಾಂತ.

ಪೂರ್ವಪಕ್ಷಿಗಳು ಇಲ್ಲಿ ರೆಕ್ಕೆ ಬಡಿಯುತ್ತಾರೆ. ಗಿಡುಗದ ಬೇಟೆಯನ್ನು ಯುನೆಸ್ಕೊ 2010ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ, ಕೋಳಿಯ ಹೆಸರಿರುವುದು ಹೋಟೆಲಿನ ಪಟ್ಟಿಯಲ್ಲಿ ಮಾತ್ರ ಎಂದು ಅವರ ಆಕ್ಷೇಪ. ಇವರು ಮಾನಸೋಲ್ಲಾಸವನ್ನು ತೆರೆದು ನೋಡಿಲ್ಲ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆಸಿದ ಆ ಮಹಾಕೋಶದಲ್ಲಿ ರಾಜರ ವಿನೋದಗಳ ಸಾಲಿದೆ. ಅದರಲ್ಲಿ ಕುಕ್ಕುಟವಿನೋದ ಮೊದಲು, ಶ್ಯೇನವಿನೋದ, ಅಂದರೆ ಗಿಡುಗನ ಆಟ, ಎಷ್ಟೋ ಆಮೇಲೆ. ಜ್ಯೇಷ್ಠತೆ ಯಾರದೆಂಬುದು ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ, ಅದೂ ಬೀದರ್ ಸೀಮೆಯಲ್ಲಿ, ಇತ್ಯರ್ಥವಾಗಿದೆ. ಅಲ್ಲಿರುವುದು ಹುಂಜದ ಕಾಳಗವಲ್ಲವೇ, ಹೇಂಟೆಯ ಆರೈಕೆ ಎಲ್ಲಿ ಬಂತು ಎಂದು ಕೇಳುವವರಿಗೆ ಒಂದೇ ಮರುಪ್ರಶ್ನೆ: ಹುಂಜವನ್ನು ಹೆತ್ತದ್ದು ಗಿಡುಗವೇ?

ಎರಡನೆಯ ಆಕ್ಷೇಪ ಲೆಕ್ಕದವರದು. ಡಾಕ್ಟರ ಫೀಸಿನಲ್ಲಿ ಹೊಸ ಕೋಳಿಗಳ ಹಿಂಡೇ ಬರುತ್ತದೆಯಲ್ಲ ಎನ್ನುತ್ತಾರೆ. ಈ ನ್ಯಾಯವನ್ನು ಮನುಷ್ಯರಿಗೆ ಅನ್ವಯಿಸದೆ ಇರುವುದು ಇನ್ಶೂರೆನ್ಸ್ ಕಂಪನಿಗಳ ದಯೆ ಅಷ್ಟೇ. ಅಲ್ಲದೆ ಕೋಳಿಯ ಆರೈಕೆಯಲ್ಲಿ ದುಡ್ಡಿಗಿಂತ ಶಾಸ್ತ್ರಜ್ಞಾನವೇ ಹೆಚ್ಚು ಬೇಕಾದದ್ದು. ಕೋಳಿಗೆ ಬೆವರುವ ವಿದ್ಯೆ ಗೊತ್ತಿಲ್ಲ. ಮೈಯ ಬಿಸಿಯೇ 41 ಡಿಗ್ರಿ. ಜುಲೈಯಲ್ಲಿ ಹೊರಗಿನ ಗಾಳಿ 45 ದಾಟಿದಾಗ ಅದು ಕೊಕ್ಕು ತೆರೆದು ಏದುಸಿರು ಬಿಡುತ್ತದೆ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿಯುತ್ತದೆ. ಕಡಲ ಕಡೆಯ ತೇವದ ಗಾಳಿಗೆ ಆ ಏದುಸಿರಿನಿಂದಲೂ ಮೈ ತಣಿಯದು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಹನ್ನೆರಡೂವರೆಯಿಂದ ಮೂರು ಗಂಟೆಯ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂಬ ಸರ್ಕಾರಿ ನಿಯಮವನ್ನು ಈ ಹಕ್ಕಿ ಯಾರೂ ಹೇಳದೆಯೇ ಪಾಲಿಸುತ್ತದೆ. ಬಳಲಿದ ಕೋಳಿಯನ್ನು ನೆರಳಿಗೆ ತಂದು ಕಾಲನ್ನು ತಂಪು ನೀರಿನಲ್ಲಿ ಇಳಿಬಿಡಬೇಕು, ಐಸ್ ನೀರಿನಲ್ಲಿ ಅಲ್ಲ. ಗಂಟಲಿಗೆ ನೀರು ಹೊಯ್ಯುವುದು ಮಹಾಪಾತಕ: ನಾಲಿಗೆಯ ಬುಡದಲ್ಲೇ ಉಸಿರುನಾಳದ ಬಾಯಿ ತೆರೆದಿರುತ್ತದೆ, ನೀರು ನೇರ ಪುಪ್ಪುಸಕ್ಕೆ. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಮುಟ್ಟಿಸಿದರೆ ತಾನೇ ನುಂಗುತ್ತದೆ. ಗಾಯವಾದದ್ದನ್ನು ಹಿಂಡಿನಿಂದ ಬೇರೆ ಇಡಬೇಕು. ರಕ್ತ ಕಂಡರೆ ಉಳಿದ ಕೋಳಿಗಳು ಸಾಂತ್ವನ ಹೇಳಲು ಬರುವುದಿಲ್ಲ, ಕುಕ್ಕಲು ಬರುತ್ತವೆ. ಈ ವಿಷಯದಲ್ಲಿ ಕೋಳಿಗೂ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೂ ಹೋಲಿಕೆ ಇರುವುದನ್ನು ಮುಂದಿನ ಸಂಶೋಧಕರು ಗಮನಿಸಬಹುದು.

ಉಳಿದದ್ದು ಬಲವಾದ ಆಕ್ಷೇಪ; ಅದು ಊರಿನಿಂದ ವಿಸಿಟ್ ವೀಸಾದಲ್ಲಿ ಬಂದ ಅತ್ತೆಯವರದು. ಎಪ್ಸಮ್ ಉಪ್ಪಿನ ಬೆಚ್ಚಗಿನ ನೀರಿನಲ್ಲಿ ಸೊಸೆ ಕೋಳಿಯ ಕಾಲು ತೊಳೆಯುವುದನ್ನು ಕಂಡು, "ನನ್ನ ಮಂಡಿನೋವಿಗೆ ಇಷ್ಟು ಮಾಡಿದವರಿಲ್ಲ ಮಾರಾಯ್ತಿ, ಸುಮ್ಮನೆ ಪದಾರ್ಥ ಮಾಡು" ಎನ್ನುವ ಈ ಪಂಥ ಲಘುವಾಗಿ ತಳ್ಳಿಹಾಕುವಂಥದ್ದಲ್ಲ. ಕೋರಿ ರೊಟ್ಟಿಯ ಸುದೀರ್ಘ ಪರಂಪರೆ ಅದರ ಬೆನ್ನಿಗಿದೆ. ಆದರೆ ರೋಗದ ಕೋಳಿಯನ್ನು ತಿನ್ನಬಾರದು ಎಂಬುದು ಅದೇ ಪಂಥದ ಮೂಲಸೂತ್ರ. ಹಾಗಾಗಿ ತಿನ್ನುವವರ ಶಾಸ್ತ್ರದ ಪ್ರಕಾರವೂ ಮೊದಲು ಗುಣಪಡಿಸಲೇಬೇಕು. ಗುಣವಾದ ಮೇಲೇನು ಎಂದರೆ, ಆಂಟಿಬಯೋಟಿಕ್ ಕೊಟ್ಟ ಕೋಳಿಯ ಮೊಟ್ಟೆಯನ್ನೂ ಮಾಂಸವನ್ನೂ ಪಶುವೈದ್ಯರು ಹೇಳಿದಷ್ಟು ದಿನ ಮುಟ್ಟುವಂತಿಲ್ಲ. ಆ ಅವಧಿ ಮೊದಲು ಮುಗಿಯುತ್ತದೋ ಅತ್ತೆಯವರ ವೀಸಾ ಮೊದಲು ಮುಗಿಯುತ್ತದೋ ಎಂಬುದು ಪ್ರತಿ ಮನೆಯಲ್ಲೂ ಬೇರೆಯಾಗಿ ಲೆಕ್ಕ ಹಾಕಬೇಕಾದ ವಿಷಯ.