ಮೂರೂರಿನ ನೌಕರಿ, ನಾಲ್ಕೂರಿನ ಪಂಚಾಯ್ತಿ

ನನ್ನ ತಂಗಿಯ ಮಗಳಿಗೆ ಒಂದೇ ವಾರದಲ್ಲಿ ಮೂರು ಕಡೆಯಿಂದ ನೌಕರಿಯ ಕರೆ ಬಂತು. ಬಂದದ್ದು ಆಕೆಗೆ, ನಿದ್ದೆ ಕೆಟ್ಟದ್ದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರಿನ ಬೀಗರು-ಬಿಜ್ಜರಿಗೆ.

ಹುಡುಗಿ ಹುಬ್ಬಳ್ಳಿಯಲ್ಲಿ ಐದು ವರ್ಷ ಕಾನೂನು ಓದಿದವಳು. ಕರೆದವರಲ್ಲಿ ಒಬ್ಬರು ಬೆಂಗಳೂರಿನ ಲಾ ಫರ್ಮಿನವರು, ಒಬ್ಬರು ಮುಂಬೈ ಲಾ ಫರ್ಮಿನವರು, ಮೂರನೆಯವರು ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕೀಲಿಕಿ ಮಾಡುವ ಹಿರಿಯರು. ಮೊದಲಿನ ಎರಡು ಈಮೇಲಿನಲ್ಲಿ ಬಂದವು, ಹತ್ತತ್ತು ಪುಟ, ಪುಟಪುಟಕ್ಕೂ ಸಹಿಯ ಜಾಗ. ಮೂರನೆಯದು ಫೋನಿನಲ್ಲಿ ಬಂತು, ಒಂದೇ ವಾಕ್ಯ: “ಸೋಮವಾರದಿಂದ ಬಾರವಾ.” ಸಂಬಳದ ಮಾತೇ ಇಲ್ಲ. ಕುರ್ಚಿ ಐತಿ ಅಂದರಂತೆ.

ಇದನ್ನು ಇತ್ಯರ್ಥ ಮಾಡಲು ರವಿವಾರ ಬೈಲಹೊಂಗಲದ ತಂಗಿಯ ಮನೆಯಲ್ಲಿ ಎಲ್ಲರೂ ಕೂಡಿದೆವು. ನಾನು ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಹಾಗಾಗಿ ಕಾನೂನಿನ ಮಾತು ಬಂದಲ್ಲೆಲ್ಲ ನನಗೊಂದು ಕುರ್ಚಿ ಹಾಕುತ್ತಾರೆ. ಮಾತು ಮಾತ್ರ ಯಾರೂ ಕೇಳುವುದಿಲ್ಲ. ಸೇವೆಯಲ್ಲಿದ್ದಾಗಲೂ ಹೆಚ್ಚುಕಡಿಮೆ ಹೀಗೇ ಇತ್ತು, ಆದ್ದರಿಂದ ನನಗೆ ಬೇಸರವಿಲ್ಲ.

ಮೊದಲ ತಕರಾರು ಹುಡುಗಿಯ ಅಪ್ಪನದು. ಅವರು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಬೆಂಗಳೂರಿನ ಕಾಗದವನ್ನು ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು, ಕೊನೆಗೆ ಕೇಳಿದರು: “ಇದರಾಗ ಪಿಎಫ್ ಎಲ್ಲೈತಿ?”

“ಪಿಎಫ್ ಇಲ್ಲಪ್ಪಾ. ಇದು ಸಂಬಳ ಅಲ್ಲ, ರಿಟೇನರ್ ಫೀ.”

“ತಿಂಗಳಾ ಒಂದನೇ ತಾರೀಖಿಗೆ ಕೊಡ್ತಾರ?”

“ಕೊಡ್ತಾರ.”

“ರಜಾ ಬೇಕಂದ್ರ ಕೇಳಬೇಕ?”

“ಕೇಳಬೇಕು.”

“ಮತ್ತ ಸಂಬಳ ಅಲ್ಲ ಅಂದ್ರ ಹೆಂಗ?”

ಇಲ್ಲಿ ನನ್ನ ಕುರ್ಚಿಗೆ ಕೆಲಸ ಬಂತು. ಬಾರ್ ಕೌನ್ಸಿಲಿನ ನಿಯಮ 49ರ ಪ್ರಕಾರ ವಕೀಲಿಕಿ ಮಾಡುತ್ತಿರುವವರು ಯಾರದೇ ಪೂರ್ಣಾವಧಿ ಸಂಬಳದ ನೌಕರರಾಗಿ ಇರುವಂತಿಲ್ಲ. ಅದಕ್ಕೇ ಫರ್ಮಿನವರು ಕೊಡುವುದನ್ನು ವೃತ್ತಿಯ ಫೀ ಎಂದು ಬರೆದು, ನೂರಕ್ಕೆ ಹತ್ತರಂತೆ ಟಿಡಿಎಸ್ ಹಿಡಿದು, ಉಳಿದದ್ದನ್ನು ಒಂದನೇ ತಾರೀಖಿಗೆ ಹಾಕುತ್ತಾರೆ. ಸಂಬಳದ ಹಾಗೆ ಬರುತ್ತದೆ, ಸಂಬಳದ ಹಾಗೆ ಮುಗಿಯುತ್ತದೆ, ಹೆಸರು ಮಾತ್ರ ಬೇರೆ. ಕಂಟ್ರೋಲರ್ ಸಾಹೇಬರು ಇದನ್ನೆಲ್ಲ ಕೇಳಿ ಒಂದು ಮಾತಿನಲ್ಲಿ ಆದೇಶ ಬರೆಸಿದರು: “ಪಿಎಫ್ ಇಲ್ಲದ್ದು ನೌಕರಿ ಅಲ್ಲ. ಅದು ಓವರ್‌ಟೈಮು.”

ಎರಡನೆಯ ತಕರಾರು ನಮ್ಮ ಅವ್ವನದು. ಸವದತ್ತಿಯಿಂದ ಬೆಳಗಿನ ಬಸ್ಸಿಗೆ ಯಲ್ಲಮ್ಮನ ಭಂಡಾರ ಕಟ್ಟಿಕೊಂಡು ಬಂದಿದ್ದಳು. ಮೊಮ್ಮಗಳ ಹಣೆಗೆ ಹಚ್ಚಿ ಕೇಳಿದಳು, “ಬೆಂಗಳೂರಾಗ ಯಾವ ಕೋರ್ಟಿಗೆ ಹೋಗ್ತೀ ಬೇ?”

“ಕೋರ್ಟಿಗೆ ಹೋಗಂಗಿಲ್ಲ ಆಯಿ. ಕಂಪನಿ ಕೆಲಸ. ಒಪ್ಪಂದ ಬರಿಯೂದು, ಡ್ಯೂ ಡಿಲಿಜೆನ್ಸ್ ಮಾಡೂದು.”

ಅವ್ವ ನನ್ನ ಕಡೆ ನೋಡಿದಳು. ಕೋರ್ಟಿಗೆ ಹೋಗದ ವಕೀಲ ಅಂದರೆ ಗುಡ್ಡಕ್ಕೆ ಹೋಗದ ಜೋಗತಿ ಇದ್ದ ಹಾಗೆ, ಆಕೆಯ ಲೆಕ್ಕದಲ್ಲಿ. ನಾನು ತಿಳಿಸಿ ಹೇಳಿದೆ: ಈ ಡ್ಯೂ ಡಿಲಿಜೆನ್ಸ್ ಅಂತ ಇಂಗ್ಲಿಷಿನವರು ಹೆದರಿಸುವುದು ಬೇರೆ ಏನೂ ಅಲ್ಲ. ಹೊಲ ಕೊಳ್ಳುವ ಮುಂದೆ ನಾವು ಉತಾರ ತೆಗೆಸುವುದಿಲ್ಲವೆ? ಬೋಜಾ ಐತೇನು, ಅಣ್ಣತಮ್ಮಂದಿರ ವಾಟ್ನಿ ಆಗೈತೇನು, ಸೊಸೈಟಿ ಸಾಲ ತೀರೈತೇನು, ಕಟ್ಟಿಕೊಂಡ ಹೆಂಗಸಿನ ಹೆಸರು ಎಲ್ಲೆರ ಸೇರೈತೇನು ಅಂತ ನೋಡುವುದಿಲ್ಲವೆ? ಅದೇ. ನಮ್ಮ ಸಬ್‌ರಜಿಸ್ಟ್ರಾರ್ ಆಫೀಸಿನ ಮುಂದೆ ಬೇವಿನ ಗಿಡದ ಕೆಳಗೆ ಕುಳಿತ ಬಾಂಡ್ ರೈಟರ್ ಚಹಾದ ಖರ್ಚಿನಲ್ಲಿ ಮಾಡುವ ಕೆಲಸವನ್ನೇ ಅಲ್ಲಿ ಎಸಿ ಹಾಕಿ ಮಾಡುತ್ತಾರೆ. ಹೊಲದ ಬದಲು ಕಂಪನಿ, ಉತಾರದ ಬದಲು ಬ್ಯಾಲೆನ್ಸ್ ಶೀಟು.

“ಹಂಗಾರ ಇಲ್ಲೇ ಗಿಡದ ಬುಡಕ್ಕ ಕುಂದ್ರಲಿ. ನೆರಳು ಐತಿ,” ಅಂದಳು ಅವ್ವ.

ಕಿತ್ತೂರಿನ ದೊಡ್ಡಪ್ಪ, ಹುಡುಗಿಯ ಅಪ್ಪನ ಅಣ್ಣ, ಇಷ್ಟರ ತನಕ ಸುಮ್ಮನಿದ್ದದ್ದೇ ದೊಡ್ಡದು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು; ಅವರ ಮುಂದೆ ಕೆಮ್ಮಿದರೂ ಅದು 1824ಕ್ಕೆ ಹೋಗಿ ನಿಲ್ಲುತ್ತದೆ. “ಮುಂಬೈ ಮಾತ ಬ್ಯಾಡ. ನಮ್ಮೂರಿನ ಅರ್ಜಿ ಒಮ್ಮೆ ಮುಂಬೈಕ ಹೋಗಿತ್ತು, ಏನಾತು ನೆನಪೈತಿಲ್ಲೊ?”

ನೆನಪಿಲ್ಲದೆ ಏನು. ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡ, ದತ್ತಕದ ಕಾಗದ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಮೇಜಿಗೆ ಹೋಯಿತು, ಅವನು ಕಾಗದವೇ ಸಂಶಯದ್ದು ಎಂದ. ರಾಣಿ ಚೆನ್ನಮ್ಮ ಮುಂಬೈ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಬರೆದಳು, ಅಲ್ಲಿಯೂ ಕೆಲಸವಾಗಲಿಲ್ಲ. ಅಕ್ಟೋಬರ್ 23ಕ್ಕೆ ಥ್ಯಾಕರೆ ಕೋಟೆಯ ಮುಂದೆ ಬಿದ್ದ. ಮಕ್ಕಳಿಲ್ಲದ ಸಂಸ್ಥಾನ ನುಂಗುವ ಬುದ್ಧಿಗೆ ಡಾಲ್‌ಹೌಸಿಯ ಹೆಸರು ಹೇಳುತ್ತಾರೆ. ಅವನು ಗವರ್ನರ್ ಜನರಲ್ ಆಗಿ ಬಂದದ್ದೇ 1848ರಲ್ಲಿ. ಅದರ ರುಚಿಯನ್ನು ಕಿತ್ತೂರು 24 ವರ್ಷ ಮೊದಲೇ ಉಂಡಿತ್ತು.

“ಅವತ್ತ ನಮ್ಮ ಕಡೆ ಒಬ್ಬ ಚಲೋ ವಕೀಲ ಇದ್ದಿದ್ರ…” ಅಂದರು ದೊಡ್ಡಪ್ಪ.

“ಇದ್ದಿದ್ರ ಇನ್ನೂ ತಾರೀಖು ಬೀಳ್ತಿತ್ತು,” ಅಂದೆ ನಾನು. ಶಿರಸ್ತೇದಾರನ ಅನುಭವ ಅದು.

ಕಂಟ್ರೋಲರ್ ಸಾಹೇಬರು ಬಿಡುವವರಲ್ಲ. “ಅಣ್ಣಾ, ಆ ಕೇಸು ನಿಮ್ಮೂರಾಗ ಶುರು ಆತು, ಖರೆ. ಮುಗದದ್ದು ನಮ್ಮೂರಾಗ.” ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿದ್ದು 1829ರಲ್ಲಿ ತೀರಿಕೊಂಡದ್ದು, ಸಮಾಧಿ ಇಲ್ಲೇ ಇರುವುದು, ಇವೆಲ್ಲ ಅವರ ಪರವಾದ ಸಾಕ್ಷ್ಯ. ಎರಡೂರಿನ ಈ ವ್ಯಾಜ್ಯ ನನ್ನ ಸೇವಾವಧಿಗಿಂತ ಹಳೆಯದು. ಚಹಾ ಬಂದ ಮೇಲೆ ತಾತ್ಕಾಲಿಕವಾಗಿ ನಿಂತಿತು.

ಧಾರವಾಡ ಅಂದರೆ ದೊಡ್ಡಪ್ಪನಿಗೆ ಜೀವ. ಕಾರಣ ಕಾನೂನಲ್ಲ, ದಾರಿ. ಕಿತ್ತೂರಿನಿಂದ ಹೆದ್ದಾರಿ ಹಿಡಿದರೆ ಧಾರವಾಡಕ್ಕೆ ಮೊದಲೇ, ಬೇಲೂರು ಕೈಗಾರಿಕಾ ಪ್ರದೇಶದ ಹತ್ತಿರ ಹೈಕೋರ್ಟ್ ಸಿಗುತ್ತದೆ. ಹಿಂದೆ ಹೀಗಿರಲಿಲ್ಲ. ಒಂದು ರಿಟ್ ಅರ್ಜಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬೆಂಗಳೂರಿಗೆ ಹೋಗುವುದು, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆಯುವುದು, ಮಧ್ಯಾಹ್ನ ಮುಂದಿನ ತಾರೀಖು ಪಡೆದು ರಾತ್ರಿ ಮತ್ತೆ ಬಸ್ಸು ಹತ್ತುವುದು. ನಮ್ಮ ಭಾಗದ ವಕೀಲರು ವರ್ಷಗಟ್ಟಲೆ ಕೋರ್ಟು ಬಿಟ್ಟು ಬೀದಿಗಿಳಿದು ಕೂಗಿದ ಮೇಲೆ 2008ರ ಜುಲೈನಲ್ಲಿ ಸಂಚಾರಿ ಪೀಠ ಬಂತು, 2013ರ ಆಗಸ್ಟಿನಲ್ಲಿ ಕಾಯಂ ಆಯಿತು. “ಮುಂಜಾನೆ ರೊಟ್ಟಿ ಕಟ್ಟಿಗೊಂಡು ಹೋಗಿ ಸಂಜಿಗೆ ಬಿಸಿ ರೊಟ್ಟಿಗೆ ಬರಬಹುದು. ಇನ್ನ ಏನ ಬೇಕು?” ಅಂದರು. ದೊಡ್ಡಪ್ಪ ಎಲ್ಲ ನಗರಗಳನ್ನೂ ರೊಟ್ಟಿ ಆರುವುದರೊಳಗೆ ಮುಟ್ಟಬಹುದೆ ಎಂದು ಅಳೆಯುತ್ತಾರೆ. ಅಳತೆ ಕೆಟ್ಟದ್ದೇನಲ್ಲ.

ಆದರೆ ಕುರ್ಚಿಯಿಂದ ಹೊಟ್ಟೆ ತುಂಬೀತೆ? ಕಿರಿಯ ವಕೀಲರಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣದಲ್ಲಿ 15,000 ರೂಪಾಯಿಯಾದರೂ ಕೊಡಿ ಎಂದು ಬಾರ್ ಕೌನ್ಸಿಲ್ 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು. ಅದು ಸಲಹೆ. ಸಲಹೆಗೂ ಆದೇಶಕ್ಕೂ ಇರುವ ಅಂತರ ಕೋರ್ಟಿನವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಹೈಕೋರ್ಟ್ ಪೀಠದ ಸುತ್ತ ಹೊಲ ಇರುವುದರಿಂದ ಅದು ನಗರವೋ ಗ್ರಾಮೀಣವೋ ಎಂದು ನಮ್ಮಲ್ಲಿ ಅರ್ಧ ತಾಸು ವಾದ ನಡೆಯಿತು. ಐದು ಸಾವಿರದ ಪ್ರಶ್ನೆ ನೋಡಿ.

ರಾಮದುರ್ಗದ ಅತ್ತೆ ಮುಂಬೈ ಪರ. ಆಕೆಯ ಮನೆಯಲ್ಲಿ ಮಗ್ಗವಿತ್ತು, ಈಗ ಸೀರೆಯ ವ್ಯಾಪಾರ ಇದೆ. “ನಮ್ಮದು ಸಂಸ್ಥಾನ ಇದ್ದ ಊರು. ಭಾವೆ ರಾಜರ ಕಾಲದಾಗ ನಮ್ಮ ಕೋರ್ಟು ನಮಗ ಇತ್ತು, ಯಾರ ಹಂಗೂ ಇರಲಿಲ್ಲ.” ಹೌದು, 1948ರಲ್ಲಿ ವಿಲೀನವಾಗುವವರೆಗೆ ಇತ್ತು. ಸಂಸ್ಥಾನದ ವಿಸ್ತಾರ 169 ಚದರ ಮೈಲಿ. ಫಿರ್ಯಾದಿ, ಪ್ರತಿವಾದಿ, ನ್ಯಾಯಾಧೀಶ ಮೂವರೂ ಒಂದೇ ಸಂತೆಯಲ್ಲಿ ಬದನೇಕಾಯಿ ಕೊಳ್ಳುತ್ತಿದ್ದಿರಬೇಕು. ರಾಜಮನೆತನದ ಮಾತು ಮರಾಠಿ. ಅತ್ತೆಗೆ ಆ ಮರಾಠಿ ಇನ್ನೂ ನಾಲಿಗೆ ಮೇಲಿದೆ, ಹುಡುಗಿಗೂ ಒಂದಿಷ್ಟು ಅಂಟಿಸಿದ್ದಾಳೆ. “ಭಾಷಾ ಬರ್ತೈತಿ, ಹೆದರಿಕಿ ಏನು? ಬೆಂಗಳೂರಾಗ ಹೋಗಿ ‘ಹೌದ್ರೀ’ ಅಂದ್ರ ನಗತಾರ. ಮುಂಬೈದಾಗ ಯಾರಿಗೂ ನಗಾಕ ಪುರಸೊತ್ತ ಇರಂಗಿಲ್ಲ.”

ಇದಕ್ಕೆ ಯಾರ ಬಳಿಯೂ ಕೈಫಿಯತ್ತು ಇರಲಿಲ್ಲ.

ಅವ್ವ ಮಾತ್ರ ಮುಂಬೈ ಹೆಸರು ಕೇಳಿದಾಗಿನಿಂದ ಮುಖ ಗಂಟು ಹಾಕಿದ್ದಳು. ಆಕೆ ಸಣ್ಣವಳಿದ್ದಾಗ ನಮ್ಮ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು, 1956ರ ನವೆಂಬರ್ ಒಂದರವರೆಗೆ. ಹೈಕೋರ್ಟ್ ಅಂದರೆ ಮುಂಬೈಯದೇ. ಆಕೆಯ ಅಪ್ಪನ ಹೊಲದ ಬದುವಿನ ಅಪೀಲು ಅಲ್ಲಿಗೆ ಹೋಗಿತ್ತು. “ಧಾರವಾಡಕ್ಕ ಹೋಗಿ ರೈಲು ಹತ್ತಿದ್ರು. ವಕೀಲನ ಫೀಗೆ ಅಂತ ಎಮ್ಮಿ ಮಾರಿದ್ರು. ಹಾಲ ಹಿಂಡು ಎಮ್ಮಿ! ಅಪೀಲು ಗೆದ್ದಿವಿ. ಎರಡ ವರ್ಷ ಕರೀ ಚಹಾ ಕುಡದಿವಿ.” ಎಪ್ಪತ್ತು ವರ್ಷದ ಮೇಲೂ ಆಕೆಗೆ ಆ ಹೊಲದ ನೆನಪಿಗಿಂತ ಎಮ್ಮೆಯ ನೆನಪು ಹಸಿಯಾಗಿದೆ.

ಹಾಗಂತ ಆಕೆಗೆ ಕಾನೂನಿನ ಮೇಲೆ ಸಿಟ್ಟಿಲ್ಲ. ನಮ್ಮ ಸವದತ್ತಿ ತಾಲ್ಲೂಕಿನ ಶಿರಸಂಗಿ ಲಿಂಗರಾಜ ದೇಸಾಯರು ಒಂದು ಮೃತ್ಯುಪತ್ರ ಬರೆದು ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆ ಬಿಟ್ಟುಹೋದರು; 1906ರಲ್ಲಿ ಅವರು ತೀರಿಕೊಂಡ ಮೇಲೆ ಆ ಕಾಗದದ ಬಲದಿಂದ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರ ಹುಟ್ಟಿದ. “ಅಂಥಾ ಕಾಗದ ಬರಿಯೂದು ಕಲಿ,” ಅಂದಳು ಮೊಮ್ಮಗಳಿಗೆ, “ಊರು ಯಾವದರ ಇರಲಿ, ಮುಂಬೈ ಒಂದ ಬಿಟ್ಟು.”

ಇನ್ನು ತಂಗಿ. ಆಕೆಗೆ ಮಗಳು ವಕೀಲೆಯಾಗುವುದು ಬರೀ ಮೆಟ್ಟಿಲು. ಮಾಳಿಗೆಯ ಮೇಲೆ ಜಡ್ಜ್ ಸಾಹೇಬರ ಕುರ್ಚಿ ಇದೆ. ಮುಂಚೆ ಕಾಲೇಜು ಮುಗಿದ ಕೂಡಲೇ ಸಿವಿಲ್ ಜಡ್ಜ್ ಪರೀಕ್ಷೆಗೆ ಕೂಡಬಹುದಿತ್ತು. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಮೂರು ವರ್ಷದ ವಕೀಲಿಕಿ ಬೇಕೇ ಬೇಕು ಅಂದಿತು. ಆ ದಿನ ತಂಗಿ ಊಟ ಬಿಟ್ಟಿದ್ದಳು. ಮೂರು ವರ್ಷವನ್ನು ಸನದು ಸಿಕ್ಕ ದಿನದಿಂದ ಎಣಿಸುತ್ತಾರೆ. ವಕೀಲಿಕಿ ಮಾಡಿದ್ದಕ್ಕೆ ಹತ್ತು ವರ್ಷ ಅನುಭವವಿರುವ ವಕೀಲರ ಪ್ರಮಾಣಪತ್ರ ಬೇಕು, ಅದಕ್ಕೆ ಕೋರ್ಟಿನ ಸಾಹೇಬರ ಮೇಲುಸಹಿಯೂ ಬೇಕು. ಆಕೆಯ ಪ್ರಶ್ನೆ ನೇರವಾಗಿತ್ತು: “ಅಣ್ಣಾ, ಹನ್ನೆರಡನೇ ಮಾಳಿಗ್ಯಾಗ ಕುಂತು ಕಂಪನಿ ಉತಾರ ನೋಡಿದ್ರ ಯಾವ ಸಾಹೇಬ್ರು ಸಹಿ ಹಾಕ್ತಾರ?” ಇಡೀ ದಿನದಲ್ಲಿ ಎದ್ದ ಒಂದೇ ಕಾನೂನಿನ ಪ್ರಶ್ನೆ ಅದು. ಅದಕ್ಕೇ ಯಾರೂ ಅದರ ಗೊಡವೆಗೆ ಹೋಗಲಿಲ್ಲ.

ಕಂಟ್ರೋಲರ್ ಸಾಹೇಬರು ಅಷ್ಟರಲ್ಲಿ ವೇಳಾಪಟ್ಟಿಗೆ ಕೈ ಹಾಕಿದ್ದರು. ನಮ್ಮ ಈ ನಾಲ್ಕೂ ಊರಿಗೆ ರೈಲಿಲ್ಲ. ಬೆಳಗಾವಿಗೆ 2025ರ ಆಗಸ್ಟಿನಿಂದ ವಂದೇ ಭಾರತ್ ಬಂತು ಸರಿ, ಅದು ಧಾರವಾಡ ಬಿಟ್ಟು ಅಳ್ನಾವರ, ಲೋಂಡಾ ಸುತ್ತಿ ಹೋಗುತ್ತದೆ. ಕಿತ್ತೂರಿನ ಕಡೆ ತಿರುಗಿಯೂ ನೋಡುವುದಿಲ್ಲ. ಕಿತ್ತೂರಿನ ಮೇಲಿನ ಹೊಸ ರೈಲು ದಾರಿಯ ಮಾತೆತ್ತಿದರೆ ದೊಡ್ಡಪ್ಪ ಮತ್ತೆ 1824ಕ್ಕೆ ಹೋದಾರೆಂದು ಯಾರೂ ಎತ್ತಲಿಲ್ಲ. “ಬೆಂಗಳೂರಾದ್ರ ಸ್ಲೀಪರ್ ಕೋಚು, ರಾತ್ರಿ ಹತ್ತಿದ್ರ ಮುಂಜಾನೆ. ಮುಂಬೈ ಆದ್ರ ಬೆಳಗಾವಿಗೆ ಹೋಗಿ ಬದಲಿ ಮಾಡಬೇಕು. ಧಾರವಾಡ ಆದ್ರ ನನ್ನ ಪಾಸ್ ನಡೀತೈತಿ.” ಪಾಸಿನ ಮಾತು ಬಂದಾಗ ಅವರ ದನಿಯಲ್ಲಿ ಇಡೀ ಸಂಸ್ಥೆಯ ಠೀವಿ ಇತ್ತು.

ಸಂಜೆಯ ಹೊತ್ತಿಗೆ ಧಾರವಾಡಕ್ಕೆ ಎರಡು ಮತ, ಮುಂಬೈಗೆ ಒಂದು, ಬೇವಿನ ಗಿಡಕ್ಕೆ ಒಂದು, ತಂಗಿ ತಟಸ್ಥ. ಬೆಂಗಳೂರಿನ ಪರ ಒಬ್ಬರೂ ಇಲ್ಲ. ಮಿರ್ಚಿ ಭಜಿ, ಚುರಮುರಿ ಮುಗಿದಿದ್ದವು. ನಾನು ಹುಡುಗಿಯ ಕಡೆ ತಿರುಗಿ ಶಿರಸ್ತೇದಾರನ ದನಿಯಲ್ಲೇ ಕೇಳಿದೆ, “ಪಕ್ಷಗಾರರ ಹೇಳಿಕಿ ಏನವಾ?”

“ನಿನ್ನೆ ರಾತ್ರಿನ ಬೆಂಗಳೂರಿನವರಿಗೆ ಹೂಂ ಅಂತ ಕಳಿಸೀನಿ ಮಾಮಾ.”

ಮನೆ ಗಪ್ ಚಿಪ್. ಹೊರಗೆ ಯಾರದೋ ಟ್ರ್ಯಾಕ್ಟರ್ ಕಬ್ಬು ಹೇರಿಕೊಂಡು ಹೋದ ಸದ್ದು ಮುಗಿಯುವವರೆಗೆ ಯಾರೂ ಮಾತಾಡಲಿಲ್ಲ.

“ಯಾಕ?” ಅಂದರು ದೊಡ್ಡಪ್ಪ. ಅವರ ಮುಖದಲ್ಲಿ ಮುಂಬೈ ಗವರ್ನರನ ಉತ್ತರ ಬಂದ ದಿನದ ಕಳೆ ಇತ್ತು.

“ಮುಂಬೈದವರು ಉತ್ತರಕ್ಕ ಒಂದು ವಾರ ಕೊಟ್ಟಿದ್ರು. ಧಾರವಾಡದ ಸರ್ ಸೋಮವಾರ ಅಂದಿದ್ರೂ ಯಾವಾಗ ಹೋದ್ರೂ ಬಾ ಅನ್ನೋರು. ಬೆಂಗಳೂರಿನವರು ರಾತ್ರಿ ಹನ್ನೆರಡರ ಒಳಗ ಹೇಳು ಅಂದಿದ್ರು. ಟೈಮ್ ಮುಗೀತಿತ್ತು, ಕಳಿಸಿದೆ.”

ನಾನು ಒಪ್ಪಿಕೊಂಡೆ. ಲಿಮಿಟೇಶನ್ ಕಾಯಿದೆ 1963ರದು. ಎಂಥ ಗಟ್ಟಿ ದಾವೆಯಾದರೂ ಮುದ್ದತು ಮೀರಿದರೆ ವಜಾ. ಎದುರಿನವ ತಕರಾರು ಎತ್ತದಿದ್ದರೂ ವಜಾ. ಹುಡುಗಿ ಐದು ವರ್ಷದಲ್ಲಿ ಕಲಿಯಬೇಕಾದದ್ದನ್ನು ಕಲಿತಿದ್ದಾಳೆ.

“ಮತ್ತ ಮುಂಜಾನಿಂದ ನಮ್ಮ ಕಡೆ ಬಾಯಿ ಯಾಕ ಹರಕೊಳಿಸಿದಿ?” ಅಂದಳು ರಾಮದುರ್ಗದ ಅತ್ತೆ.

“ನೀವು ಎಲ್ಲಾರೂ ಬಂದಿದ್ರಿ. ಭಜಿ ಮಾಡಿದ್ರು. ಇಲ್ಲ ಅನ್ನಾಕ ಮನಸ್ಸಾಗಲಿಲ್ಲ.”

ಕಂಟ್ರೋಲರ್ ಸಾಹೇಬರು ಮರುಮಾತಿಲ್ಲದೆ ಎದ್ದು ಬೆಂಗಳೂರಿನ ಸ್ಲೀಪರ್ ಕೋಚಿಗೆ ಸೀಟು ಹಿಡಿಯಲು ಯಾರಿಗೋ ಫೋನು ಮಾಡಿದರು. ಕಿಟಕಿಯ ಪಕ್ಕ ಬೇಕು, ಚಕ್ರದ ಮೇಲಿನದು ಬೇಡ ಅಂತ. ತಂಗಿ ಒಳಗೆ ಹೋಗಿ ಶೇಂಗಾ ಹುರಿಯಲು ಇಟ್ಟಳು.

ಅವ್ವನಿಗೆ ಕಿವಿ ಮಂದ. ಏನಾಯಿತು ಅಂತ ಕೇಳಿದಳು. ನಾನು ಹತ್ತಿರ ಹೋಗಿ ಜೋರಾಗಿ ಹೇಳಿದೆ, “ಬೆಂಗಳೂರು ಅಂತ ಅವ್ವಾ. ಮುಂಬೈ ಅಲ್ಲ.”

ಭಂಡಾರದ ಚೀಲ ಬಿಗಿಯುತ್ತಿದ್ದವಳು ಒಂದು ಗಳಿಗೆ ಲೆಕ್ಕ ಹಾಕಿದಳು.

“ಹಂಗಾರ ಎಮ್ಮಿ ಮಾರೂದು ಬ್ಯಾಡಲ್ಲ?”